ಕೃತಕ ಕಾಲು: ಬಲವೊಂದೇ ಸಾಕೆ?



ಭದ್ರಾವತಿಯಲ್ಲಿ ಬೆಳೆದ ನಮಗೆಲ್ಲ ಗಟ್ಟಿ ಎಂದರೆ ಉಕ್ಕು. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದದ್ದು. ನಮ್ಮ ಬೀದಿಯಲ್ಲಿ ಒಂದು ಕಾಲು ಕಳೆದುಕೊಂಡ ಹಿರಿಯರೊಬ್ಬರಿದ್ದರು. ಅವರ ಕೃತಕ ಕಾಲು ಸದಾ ಬಾಗಿಲ ಮೂಲೆಯಲ್ಲಿರುತ್ತಿತ್ತು. ಅವರು ಊರುಗೋಲು ಹಿಡಿದು ಓಡಾಡುತ್ತಿದ್ದರು. "ಯಾಕೆ ಮಾಮ, ಹಾಕ್ಕೊಳ್ಳೋದಿಲ್ವಾ?" ಎಂದು ಕೇಳಿದೆ. "ಭಾರ ಕಣೋ. ಸಂಜೆ ಹೊತ್ತಿಗೆ ಹುಣ್ಣಾಗುತ್ತೆ" ಎಂದರು.

ಹಾಗಾದರೆ ಕೃತಕ ಕಾಲಿಗೆ ಎಷ್ಟು ಬಲ ಬೇಕು? ನಡೆಯುವಾಗ ಕಾಲಿನ ಮೇಲೆ ದೇಹದ ತೂಕಕ್ಕಿಂತ ತುಸು ಹೆಚ್ಚು ಭಾರ ಬೀಳುತ್ತದೆ; ಓಡುವಾಗ ಎರಡು ಮೂರು ಪಟ್ಟು. ಅದನ್ನು ಒಮ್ಮೆ ತಡೆದರೆ ಸಾಲದು. ತಂತಿಯನ್ನು ಹತ್ತಾರು ಸಲ ಬಗ್ಗಿಸಿದರೆ ತುಂಡಾಗುವುದನ್ನು ನೀವು ನೋಡಿದ್ದೀರಿ. ಆದ್ದರಿಂದ ಅಂತರರಾಷ್ಟ್ರೀಯ ಮಾನದಂಡದಂತೆ ಕಾಲಿನ ಚೌಕಟ್ಟಿನ ಮೇಲೆ 30 ಲಕ್ಷ ಬಾರಿ ಭಾರ ಹೇರಿ ಪರೀಕ್ಷಿಸುತ್ತಾರೆ. ಆ ಕಾಲು ದಿನಕ್ಕೆ 3,000 ಹೆಜ್ಜೆ ಇಟ್ಟರೆ ಇದು 1,000 ದಿನಗಳ ನಡಿಗೆ.

ಇನ್ನು ತೂಕ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7, ಕಾರ್ಬನ್ ನಾರಿನ ಹಲಗೆ ಸುಮಾರು 1.6 ಗ್ರಾಂ ಮಾತ್ರ. ಓಟಗಾರರ ಬಾಗಿದ ಪಾದ ಈ ನಾರಿನದೇ. ಅದು ಸ್ಪ್ರಿಂಗಿನಂತೆ ಅದುಮಿಕೊಂಡು, ಪಡೆದ ಶಕ್ತಿಯ ಬಹುಭಾಗವನ್ನು ಮರಳಿ ಕೊಡುತ್ತದೆ. ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ.

ಆದರೆ ನಮ್ಮ ಮಲೆನಾಡಿನ ರೈತ ಗದ್ದೆಯ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಬೂಟಿನೊಳಗೆ ತೊಡಲೆಂದು ಮಾಡಿದ ವಿದೇಶಿ ಪಾದಕ್ಕೆ ಇದು ಒಗ್ಗುತ್ತಿರಲಿಲ್ಲ. 1968ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ. ಕೆ. ಸೇಥಿ ರಬ್ಬರು, ಮರ ಬಳಸಿ ಎಲ್ಲ ದಿಕ್ಕಿಗೂ ಬಾಗುವ ಪಾದವನ್ನು ರೂಪಿಸಿದರು. ಅದಕ್ಕೆ ಬೂಟು ಬೇಕಿಲ್ಲ. ಡಾ. ಸೇಥಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀರಿನ ಕೊಳವೆಗೆ ಬಳಸುವಂಥ ಪ್ಲಾಸ್ಟಿಕ್ಕಿನಿಂದಲೇ ಮುಂದೆ ಇದರ ಕಾಲಿನ ಭಾಗವೂ ತಯಾರಾಯಿತು.

ಇಷ್ಟಾದರೂ ಉಳಿದ ಕಾಲಿನ ತುದಿ ಕೂರುವ ಬಟ್ಟಲು, ಅಂದರೆ ಸಾಕೆಟ್, ಸರಿಹೊಂದದಿದ್ದರೆ ಎಲ್ಲವೂ ವ್ಯರ್ಥ. ದೇಹದ ಭಾರವೆಲ್ಲ ಅಲ್ಲಿನ ಚರ್ಮದ ಮೂಲಕವೇ ಸಾಗಬೇಕು. ಒಂದೇ ಕಡೆ ಒತ್ತಿದರೆ ಹುಣ್ಣು. ಹೆಚ್ಚು ಜಾಗಕ್ಕೆ ಹಂಚಿದರೆ ಹಿತ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನೀವು ಶಾಲೆಯಲ್ಲಿ ಓದಿದ ಸೂತ್ರ ಇದೇ. ಉಳಿದ ಕಾಲಿನ ಗಾತ್ರ ದಿನ ಕಳೆದಂತೆ ಬದಲಾಗುವುದರಿಂದ ಬಟ್ಟಲನ್ನೂ ಆಗಾಗ ಸರಿಪಡಿಸಬೇಕು.

ನಮ್ಮ ಬೀದಿಯ ಮಾಮನ ಕಾಲು ಮುರಿದಿರಲಿಲ್ಲ, ಅವರಿಗೆ ಹೊಂದಿರಲಿಲ್ಲ, ಅಷ್ಟೆ. ನಿಮ್ಮಲ್ಲಿ ಯಾರಾದರೂ ನಾಳೆ ಎಂಜಿನಿಯರ್ ಆದರೆ, ಅಳತೆ ತೆಗೆಯುವ ಮೊದಲು ಅದನ್ನು ತೊಡುವವರನ್ನು ಕೇಳಿ: ಎಲ್ಲಿ ನಡೆಯುತ್ತೀರಿ, ಹೇಗೆ ಕೂರುತ್ತೀರಿ, ಎಲ್ಲಿ ನೋಯುತ್ತದೆ?