ಒಲೆಯ ಪಕ್ಕ ತಕ್ಕಡಿ ಇಡಿ

ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮೋಕೋಲಿನ ಜ್ವಾಲಾಮುಖಿ ಮಾಡುವ ಹುಡುಗ ಹುಡುಗಿಯರೇ, ಈ ವರ್ಷ ಅದನ್ನು ಬಿಡಿ. ನೋಡಲು ಚೆಂದವೇ. ಆದರೆ ಏನಾಗುತ್ತದೆಂದು ಮೊದಲೇ ಗೊತ್ತಿರುವ ಕಡೆ ಪ್ರಶ್ನೆಗೆ ಜಾಗವೆಲ್ಲಿ? ಪ್ರಶ್ನೆ ಬೇಕಿದ್ದರೆ ಅಡುಗೆಮನೆಗೆ ನುಗ್ಗಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಾಗೆಯೇ ನುಗ್ಗಿದ್ದರು. ವಿದ್ಯುದ್ರಸಾಯನ ವಿಜ್ಞಾನಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸವಾಗಿತ್ತು. ಈ ತಂಡ ತುಮಕೂರು ಜಿಲ್ಲೆಯ ಉಂಗ್ರದ ಸುತ್ತಮುತ್ತ ಯಾವ ಕೆಲಸಕ್ಕೆ ಎಷ್ಟು ಇಂಧನ ಖರ್ಚಾಗುತ್ತದೆಂದು ಲೆಕ್ಕ ಹಾಕಿತು. ಸಿಂಹಪಾಲು ಪಂಪ್‌ಸೆಟ್ಟಿನದಲ್ಲ, ದೀಪದ್ದಲ್ಲ, ಒಲೆಗೆ ಹಾಕುವ ಸೌದೆಯದು!

ಆ ಸೌದೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಂದು ಕೆ.ಜಿ. ಒಣ ಸೌದೆಯಲ್ಲಿ ಸುಮಾರು 3,800 ಕಿಲೋಕ್ಯಾಲರಿ ಶಾಖ. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು 75 ಸಾಕು. ಅಂದರೆ ಕಾಗದದ ಮೇಲೆ 50 ಲೀಟರ್ ಕುದಿಯಬೇಕು. ನಿಮ್ಮ ಬಚ್ಚಲೊಲೆಯನ್ನು ಕೇಳಿ ನೋಡಿ, ನಕ್ಕುಬಿಡುತ್ತದೆ. ಉಳಿದ ಶಾಖ ಎಲ್ಲಿ ಹೋಯಿತು? ದೊಡ್ಡ ಬಾಯಿಯಿಂದ ನುಗ್ಗಿದ ತಣ್ಣನೆ ಗಾಳಿ ಒಂದಷ್ಟನ್ನು ಹೊತ್ತೊಯ್ದಿತು, ಪಾತ್ರೆ ಸವರಿಕೊಂಡು ಹೊರಬಿದ್ದ ಉರಿ ಒಂದಷ್ಟನ್ನು. ಗೋಡೆಯೂ ತನ್ನ ಪಾಲು ಕುಡಿಯಿತು.

ಕಳ್ಳದಾರಿಗಳು ಗೊತ್ತಾದ ಮೇಲೆ ಮುಚ್ಚಬೇಕಲ್ಲ. ಆ ತಂಡವೇ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಸೌದೆ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಮೊದಲ ಪಾತ್ರೆಗೆ ತಗಲಿದ ಬಿಸಿ ಎರಡನೆಯದಕ್ಕೆ, ಮೂರನೆಯದಕ್ಕೆ ಹಾದು ಹೊಗೆಕೊಳವೆ ಸೇರುತ್ತದೆ. ಬರೆಯುವುದು ಸುಲಭ, ಕಟ್ಟುವುದು ಕಷ್ಟ. ಪಾತ್ರೆಗೂ ಒಲೆಗೂ ನಡುವಿನ ಸಂದು ಕಿರಿದಾದಷ್ಟೂ ಶಾಖ ಚೆನ್ನಾಗಿ ಹಿಡಿಯುತ್ತದೆ. ತೀರಾ ಕಿರಿದಾದರೆ ಹೊಗೆ ತಿರುಗಿ ಮುಖಕ್ಕೆ ರಾಚುತ್ತದೆ. ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡಕೂಡದು. ಮಸಿ ತೆಗೆಯಲು ಕೈ ಹೋಗಬೇಕು. ಊರಿನ ಗಾರೆಯವನಿಗೆ ಕಟ್ಟಲು ಬರಬೇಕು, ದುಡ್ಡೂ ಹೆಚ್ಚು ಕೇಳಬಾರದು. ಇಷ್ಟೂ ಜಗ್ಗಾಟದ ನಡುವೆ ಒಂದು ಅಳತೆಗೆ ಬಂದು ನಿಲ್ಲುವುದಿದೆಯಲ್ಲ, ಎಂಜಿನಿಯರನ ಬುದ್ಧಿವಂತಿಕೆ ಕಾಣುವುದು ಅಲ್ಲಿ. ರಾಕೆಟ್ಟಿಗೆ ಚಪ್ಪಾಳೆ ತಟ್ಟುವ ನಾವು ಇದನ್ನು ಸಣ್ಣ ಕೆಲಸ ಅಂದುಕೊಂಡಿದ್ದೇವೆ, ಅದೇ ನನಗೆ ಸಿಟ್ಟು.

ಈ ಭಾನುವಾರವೇ ಶುರುಮಾಡಿ, ದೊಡ್ಡವರೊಬ್ಬರು ಜೊತೆಗಿರಲಿ. ಸೌದೆ ತೂಗಿ, ನೀರು ಅಳೆದು ಹಾಕಿ, ಕುದಿ ಬಂದ ಹೊತ್ತು ಬರೆದಿಡಿ. ಮತ್ತೊಮ್ಮೆ ಅದೇ ಪಾತ್ರೆ, ಅಷ್ಟೇ ನೀರು, ಮುಚ್ಚಳವೊಂದು ಹೆಚ್ಚು. ಆಮೇಲೆ ಒಲೆಯ ಬಾಯಿ ಕಿರಿದು ಮಾಡಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದಿರೋ, ಲಾಭ ಯಾವುದರಿಂದ ಬಂತೆಂದು ಬ್ರಹ್ಮನೂ ಹೇಳಲಾರ. ನೀವು ನೆನೆಸಿದ್ದಕ್ಕೆ ಉಲ್ಟಾ ಅಂಕಿ ಬಂದರೆ ಅಳಿಸಬೇಡಿ, ಇನ್ನೆರಡು ಸಲ ಅಳೆಯಿರಿ. ಒಲೆ ಉರಿಸುವ ಅಜ್ಜಿ ಬೈದರೆ ಆ ಬೈಗುಳವನ್ನೂ ತಾರೀಖು ಹಾಕಿ ಬರೆದುಕೊಳ್ಳಿ. ಮುಂದಿನ ಒಲೆಯ ನಕ್ಷೆ ಶುರುವಾಗುವುದು ಅಲ್ಲಿಂದಲೇ.