ಚಿಲಕ ನಮ್ಮ ಕೈಯಲ್ಲಿದ್ದಾಗ
ನಾಯಿಮರಿಯನ್ನು ಗೂಡಿಗೆ ತಳ್ಳಿ ಚಿಲಕ ಹಾಕಿದರೆ ಅದು ಕೂಗುತ್ತದೆ, ಸರಳು ಕೆರೆಯುತ್ತದೆ. ಗೂಡೆಂದರೆ ಶಿಕ್ಷೆ ಎಂಬುದು ಅದರ ಮನಸ್ಸಿನಲ್ಲಿ ಬೇರೂರುತ್ತದೆ.

ಈ ಭಾವನೆ ಬದಲಿಸಲು ಒಂದು ಆಟಿಕೆ ನೆರವಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದ ಜೋ ಮಾರ್ಕಮ್ ಅವರ ನಾಯಿ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ವ್ಯಾನಿನ ರಬ್ಬರ್ ಬಿಡಿಭಾಗವೊಂದು ಅದಕ್ಕೆ ಹಿಡಿಸಿತು. ಕಾಂಗ್ ಎಂಬ ಟೊಳ್ಳು ಆಟಿಕೆ ಹುಟ್ಟಿದ್ದು ಹಾಗೆ.

ಆ ಟೊಳ್ಳಿಗೆ ಉಪ್ಪು ಹಾಕದ ಮೊಸರನ್ನ, ಬೇಯಿಸಿದ ಕುಂಬಳದ ಹೋಳು ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ, ಗೂಡಿನೊಳಗೆ ಮಾತ್ರ ಕೊಡಿ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಬೇಡವೇ ಬೇಡ; ಅವು ನಾಯಿಗೆ ವಿಷ. ಮೊದಮೊದಲು ಬಾಗಿಲು ತೆರೆದೇ ಇರಲಿ. ನೆಕ್ಕುವುದರಲ್ಲಿ ಮೈಮರೆತಾಗ ಕ್ಷಣಹೊತ್ತು ಮುಚ್ಚಿ, ತಿಂದು ಮುಗಿಸುವ ಮುನ್ನವೇ ತೆರೆಯಿರಿ. ದಿನಗಳೆದಂತೆ ಹೊತ್ತು ಹೆಚ್ಚಿಸಿ. ದಿಗಿಲುಬಿದ್ದ ನಾಯಿ ತಿಂಡಿಯನ್ನು ಮೂಸಿಯೂ ನೋಡದು. ಆಗ ಒಂದು ಹೆಜ್ಜೆ ಹಿಂದೆ ಸರಿಯಬೇಕಾದವರು ನಾವು.

ತಿಂಡಿ ಕೊಟ್ಟು ದಿನವಿಡೀ ಕೂಡಿಹಾಕಿದರೆ ಅದು ಬರೀ ಆಮಿಷ. ಒಳಗೆ ಹೋದರೆ ಒಳ್ಳೆಯದಾಗುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ ಎಂಬ ಭರವಸೆ ಹುಟ್ಟಿದರೆ ಅದು ಕಲಿಕೆ. ಮಕ್ಕಳಿಗಾಗಲಿ, ಕೈಕೆಳಗಿನವರಿಗಾಗಲಿ ಮಾತು ಇದೇ. ಹೆದರಿಸಿ ಒಳಗೆ ಕಳಿಸುವುದು ಸುಲಭ. ತಾನಾಗಿ ಬರುವವರೆಗೆ ಕಾಯುವುದು ಕಷ್ಟ. ಚಿಲಕ ಯಾರ ಕೈಯಲ್ಲಿದೆಯೋ ತಾಳ್ಮೆಯ ಹೊಣೆಯೂ ಅವರದೇ.