ಜಿಡ್ಡು ಹೋಗುವುದೆಲ್ಲಿಗೆ?

ಬೆಳಿಗ್ಗೆ ಎಂಟು ಗಂಟೆಗೆ ಬೆಂಗಳೂರಿನ ಯಾವುದಾದರೊಂದು ದರ್ಶಿನಿಯ ಮುಂದೆ ನಿಂತು ನೋಡಿ. ದೋಸೆ ಭಟ್ಟರು ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಹನ್ನೆರಡು ದೋಸೆಗೆ ಹಿಟ್ಟು ಹುಯ್ಯುತ್ತಾರೆ. ಮೇಲೆ ಎಣ್ಣೆಯೋ ತುಪ್ಪವೋ ಧಾರಾಳವಾಗಿ ಬೀಳುತ್ತದೆ. ಪಕ್ಕದ ಬಾಣಲೆಯಲ್ಲಿ ಉದ್ದಿನ ವಡೆ ಬೇಯುತ್ತಿರುತ್ತದೆ. ನಾವು ತಿಂದು, ಕೈ ತೊಳೆದು, ಕಾಫಿ ಕುಡಿದು ಹೊರಡುತ್ತೇವೆ. ತಟ್ಟೆ ಒಳಗೆ ಹೋಗುತ್ತದೆ. ನಮ್ಮ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಈ ಮಾತುಕತೆಯಲ್ಲಿ ನಾನು ನಿಮ್ಮನ್ನು ಆ ತಟ್ಟೆಯ ಹಿಂದೆಯೇ, ಪಾತ್ರೆ ತೊಳೆಯುವ ತೊಟ್ಟಿಯ ಕಡೆಗೆ, ಅಲ್ಲಿಂದ ರಸ್ತೆಯ ಕೆಳಗಿನ ಒಳಚರಂಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಉಪಾಹಾರದ ಹೊತ್ತಿನಲ್ಲಿ ಇದೇಕೆ ಎಂದು ಮುಖ ಸಿಂಡರಿಸಬೇಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬ ಗಿರಾಕಿಯ ತಟ್ಟೆ, ಅವನ ಪಾಲಿನ ಪಾತ್ರೆ, ಕಾವಲಿ ಎಲ್ಲ ಸೇರಿ ಅರ್ಧ ಚಮಚ ಜಿಡ್ಡು ತೊಳೆದುಹೋಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಎರಡೂವರೆ ಮಿಲಿಲೀಟರ್. ದಿನಕ್ಕೆ ಎಂಟುನೂರು ಗಿರಾಕಿಗಳಾದರೆ ಎರಡು ಲೀಟರ್, ತಿಂಗಳಿಗೆ ಅರವತ್ತು ಲೀಟರ್. ಇದು ಒಂದು ಹೋಟೆಲಿನ ಮಾತು. ಒಂದೇ ರಸ್ತೆಯಲ್ಲಿ ಇಂಥವು ಆರೇಳು ಇದ್ದು, ಜೊತೆಗೆ ಒಂದು ಬಿರಿಯಾನಿ ಅಂಗಡಿ, ಒಂದು ಚಿಪ್ಸ್ ಕರಿಯುವ ಅಂಗಡಿ, ಒಂದು ಕಲ್ಯಾಣಮಂಟಪ ಇದ್ದರೆ ಲೆಕ್ಕವನ್ನು ನೀವೇ ಮುಂದುವರಿಸಿ.

ಎಣ್ಣೆ ದ್ರವ, ನೀರಿನ ಜೊತೆ ಹರಿದು ಹೋಗುತ್ತದಲ್ಲ ಎನ್ನಬಹುದು. ಡಿಸೆಂಬರ್ ತಿಂಗಳ ಬೆಳಗಿನಲ್ಲಿ ನಿಮ್ಮ ಮನೆಯ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನೆನಪಿಸಿಕೊಳ್ಳಿ. ತಲೆಗೆ ಹಚ್ಚಲು ಬಗ್ಗಿಸಿದರೆ ಬೀಳುವುದಿಲ್ಲ, ಬಿಸಿಲಿಗೆ ಇಡಬೇಕು. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಯಲ್ಲಿ. ಮಂಗಳೂರಿನ ಸೆಕೆಗೆ ಕರಗಿಯೇ ಇರುವ ಎಣ್ಣೆ ಬೆಂಗಳೂರಿನ ಚಳಿಗೆ ಹೆಪ್ಪುಗಟ್ಟುತ್ತದೆ. ತುಪ್ಪ, ಬೆಣ್ಣೆ, ವನಸ್ಪತಿ ಇವು ಇನ್ನೂ ಬೇಗ ಗಟ್ಟಿಯಾಗುತ್ತವೆ. ದಾವಣಗೆರೆ ಬೆಣ್ಣೆ ದೋಸೆಯ ತಟ್ಟೆಯನ್ನು ತಣ್ಣೀರಿನಲ್ಲಿ ತೊಳೆದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಸಿನೀರು, ಸೋಪಿನ ಪುಡಿ ಹಾಕಿ ತೊಳೆದರೆ ಜಿಡ್ಡು ಕಣ್ಣೆದುರಿನಿಂದ ಮಾಯವಾಗುತ್ತದೆ, ನಿಜ. ಆದರೆ ಅದು ನಾಶವಾಗಿಲ್ಲ. ಸೋಪು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಿದೆ, ಅಷ್ಟೇ. ಮುಂದಿನ ತಿರುವಿನಲ್ಲಿ ನೀರು ತಣ್ಣಗಾಗಿ, ಸೋಪು ತೆಳುವಾದ ಮೇಲೆ ಆ ಹನಿಗಳು ಮತ್ತೆ ಕೂಡಿಕೊಂಡು ಕೊಳವೆಯ ಗೋಡೆಗೆ ಅಂಟುತ್ತವೆ. ನಮ್ಮ ಹೋಟೆಲಿನ ತೊಟ್ಟಿಯಿಂದ ಪಕ್ಕದ ಬೀದಿಗೆ ದಾಟಿಸಿದಂತಾಯಿತು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ನಾನು ಬಿ.ಎಸ್ಸಿ. ಓದಿದವನು ಎಂಬ ಕಾರಣಕ್ಕೆ ಅದನ್ನು ತುರುಕುತ್ತಿದ್ದೇನೆ ಎಂದುಕೊಳ್ಳಬೇಡಿ. ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆಯುವಾಗ ಸಾಬೂನು ನೊರೆ ಬಾರದೆ ಬಿಳಿಯ ಒಡಕು ಒಡಕಾದ ಕಸರು ಬಕೆಟ್ಟಿನ ಅಂಚಿಗೆ ಅಂಟುವುದನ್ನು ನೋಡಿದ್ದೀರಷ್ಟೆ? ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಕೊಬ್ಬಿನ ಆಮ್ಲದ ಜೊತೆ ಸೇರಿ ಆದದ್ದು ಅದು. ನೀರಿನಲ್ಲಿ ಕರಗದ ಸಾಬೂನು. ಒಳಚರಂಡಿಯಲ್ಲೂ ಇದೇ ನಡೆಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚರಂಡಿಯ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿಕೊಳ್ಳುವ ಗಡ್ಡೆಗಳು ಬರೀ ಹೆಪ್ಪುಗಟ್ಟಿದ ಎಣ್ಣೆಯಲ್ಲ, ಹೆಚ್ಚಿನ ಪಾಲು ಕ್ಯಾಲ್ಸಿಯಂ ಸಾಬೂನು ಎಂದು ತೋರಿಸಿದರು. ಕರಿದ ಎಣ್ಣೆಯಲ್ಲಿ ಬಿಡಿಯಾದ ಕೊಬ್ಬಿನ ಆಮ್ಲ ಮೊದಲೇ ಹೆಚ್ಚು. ಕ್ಯಾಲ್ಸಿಯಂ ನೀರಿನಲ್ಲೂ ಇದೆ, ಕಾಂಕ್ರೀಟಿನಲ್ಲೂ ಇದೆ. ಎರಡೂ ಸೇರಿದರೆ ಆದ ವಸ್ತುವನ್ನು ಬಿಸಿನೀರು ಹುಯ್ದು ಕರಗಿಸಲು ಆಗುವುದಿಲ್ಲ. ಕೆತ್ತಿ ತೆಗೆಯಬೇಕು, ಇಲ್ಲವೇ ಭಾರಿ ಒತ್ತಡದ ನೀರು ಹೊಡೆದು ಒಡೆಯಬೇಕು.

ಲಂಡನ್ನಿನವರಿಗೆ ಇದರ ಅನುಭವ ಚೆನ್ನಾಗಿದೆ. 2017ರ ಸೆಪ್ಟೆಂಬರಿನಲ್ಲಿ ವೈಟ್‌ಚಾಪೆಲ್ ರಸ್ತೆಯ ಕೆಳಗಿನ ವಿಕ್ಟೋರಿಯಾ ಕಾಲದ ಚರಂಡಿಯಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಗಡ್ಡೆಯೊಂದು ಸಿಕ್ಕಿತು. ಜಿಡ್ಡಿನ ಜೊತೆ ಜನ ಕಕ್ಕಸಿಗೆ ಎಸೆದ ಒದ್ದೆ ಒರೆಸುವ ಬಟ್ಟೆಗಳೂ ಸೇರಿ ಗಾರೆಯಂತಾಗಿತ್ತು. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಅದರ ಒಂದು ತುಂಡನ್ನು 2018ರಲ್ಲಿ ಲಂಡನ್ ವಸ್ತುಸಂಗ್ರಹಾಲಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿತು, ಜನ ನೋಡಲು ಬಂದರು! ಅಲ್ಲಿನ ಆ ಚರಂಡಿ ಮನುಷ್ಯ ಒಳಗಿಳಿದು ಕೆಲಸ ಮಾಡುವಷ್ಟು ದೊಡ್ಡದು. ನಮ್ಮ ಬಡಾವಣೆಗಳ ಬೀದಿಯಲ್ಲಿರುವುದು ಬಹುಪಾಲು ಗೇಣುದ್ದ ವ್ಯಾಸದ ಕೊಳವೆಗಳು. ಅವು ಕಟ್ಟಿಕೊಳ್ಳಲು ಟನ್ನುಗಟ್ಟಲೆ ಜಿಡ್ಡೇನೂ ಬೇಡ.

ಕಟ್ಟಿಕೊಂಡರೆ ಏನಾಗುತ್ತದೆ? ಮ್ಯಾನ್‌ಹೋಲ್ ಉಕ್ಕುತ್ತದೆ. ತಗ್ಗಿನ ಮನೆಯವರ ಬಚ್ಚಲಲ್ಲಿ ಮೇಲಿನವರ ಕೊಳಚೆ ಮೇಲೇಳುತ್ತದೆ. ಉಕ್ಕಿದ ನೀರು ಮಳೆನೀರಿನ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಇದರ ನೀರೆಲ್ಲ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಇಳಿಯುತ್ತದೆ. ದಿಣ್ಣೆಯ ಮೇಲೆ ತೊಳೆದ ಬಾಣಲೆಯ ಫಲ ತಗ್ಗಿನವರಿಗೆ.

ಇದಿಷ್ಟೇ ಆಗಿದ್ದರೆ ನಾನು ಈ ವಿಷಯವನ್ನು ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ. ಕಟ್ಟಿದ ಕೊಳವೆಯಲ್ಲಿ ಕೊಳಚೆ ನಿಂತು, ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಉಂಟುಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಂದರೆ ಗೊತ್ತಾಗುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ಗುಂಡಿಯ ತಳದಲ್ಲಿ ಕೂರುತ್ತದೆ. ಇದರ ಮೋಸ ಏನೆಂದರೆ, ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದಷ್ಟು ಆಗುವ ಹೊತ್ತಿಗೆ ಮೂಗು ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಎಂದುಕೊಂಡವನು ಇನ್ನೂ ಕೆಳಗಿಳಿಯುತ್ತಾನೆ. ಪ್ರಮಾಣ ಇನ್ನಷ್ಟು ಏರಿದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಹಗ್ಗವಿಲ್ಲದೆ ಇಳಿದ ಇನ್ನೊಬ್ಬನೂ ಅಲ್ಲೇ ಬೀಳುತ್ತಾನೆ. ಪತ್ರಿಕೆಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಬರುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಕೇಂದ್ರದ ಕಾನೂನು 1993ರಲ್ಲಿ ಬಂತು. ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ಅಪರಾಧವೆಂದು ಸಾರಿತು. ಕೋಲಾರದ ಚಿನ್ನದ ಗಣಿಯ ಊರಿನವರಾದ ಬೆಜವಾಡ ವಿಲ್ಸನ್ ಮತ್ತು ಅವರ ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಜೆಟ್ಟಿಂಗ್ ಯಂತ್ರಗಳಿವೆ, ಹೂಳೆತ್ತುವ ಯಂತ್ರಗಳಿವೆ, ಕೇರಳದ ತರುಣರು 2018ರಲ್ಲಿ ಮ್ಯಾನ್‌ಹೋಲಿಗೆ ಇಳಿಸುವ ರೋಬೋಟನ್ನೇ ಕೆಲಸಕ್ಕೆ ಹಚ್ಚಿದರು. ಆದರೂ ಕಿರಿದಾದ ಗಲ್ಲಿಯಲ್ಲಿ, ಯಂತ್ರ ಬರುವವರೆಗೆ ಕಾಯುವ ವ್ಯವಧಾನ ಇಲ್ಲದ ಖಾಸಗಿ ಕಟ್ಟಡದಲ್ಲಿ, ಯಾರೋ ಒಬ್ಬನಿಗೆ ಐನೂರು ರೂಪಾಯಿ ತೋರಿಸಿ ಇಳಿ ಎನ್ನುವವರು ಇದ್ದಾರೆ. ಆ ಗುಂಡಿಯಲ್ಲಿ ಅವನು ಬಿಡಿಸಬೇಕಾದ ಗಂಟಿನಲ್ಲಿ ನಮ್ಮ ತಟ್ಟೆಯ ತುಪ್ಪವೂ ಸೇರಿದೆ.

ಹಾಗಾದರೆ ಉಪಾಯವೇನು? ಬಹಳ ಹಳೆಯದು, ಬಹಳ ಸರಳವಾದದ್ದು. ರಾತ್ರಿ ಉಳಿದ ಮಾಂಸದ ಸಾರನ್ನು ಬೆಳಿಗ್ಗೆ ತೆಗೆದು ನೋಡಿದರೆ ಮೇಲೆ ಕೊಬ್ಬು ಕೆನೆಗಟ್ಟಿರುತ್ತದೆ, ಅಡಿಯಲ್ಲಿ ಗಸಿ, ನಡುವೆ ತಿಳಿ. ಗ್ರೀಸ್ ಟ್ರ್ಯಾಪ್ ಎಂಬ ತೊಟ್ಟಿಯ ಮರ್ಮ ಇಷ್ಟೇ. ಅಮೆರಿಕದಲ್ಲಿ ನಥಾನಿಯಲ್ ವೈಟಿಂಗ್ ಎಂಬಾತ 1884ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಪಾತ್ರೆ ತೊಳೆದ ನೀರು ಚರಂಡಿಗೆ ಸೇರುವ ಮೊದಲು ಒಂದು ತೊಟ್ಟಿಯಲ್ಲಿ ನಿಧಾನವಾಗಿ ನಿಲ್ಲಬೇಕು. ಎಣ್ಣೆ ನೀರಿಗಿಂತ ಹಗುರ, ತೇಲುತ್ತದೆ. ಅನ್ನದ ಅಗುಳು, ಬೇಳೆ ಕೆಳಗೆ ಕೂರುತ್ತವೆ. ಹೊರಹೋಗುವ ಕೊಳವೆಯ ಬಾಯಿ ಮಧ್ಯದ ತಿಳಿಯಲ್ಲಿ ಮುಳುಗಿರಬೇಕು, ಮೇಲಿನ ಪದರಕ್ಕೆ ತಾಕಬಾರದು. ನೀರು ಅರ್ಧ ಗಂಟೆ ನಿಲ್ಲಬೇಕೆಂದರೆ, ನಿಮಿಷಕ್ಕೆ 20 ಲೀಟರ್ ಹರಿಯುವ ಕಡೆ 600 ಲೀಟರ್ ತೊಟ್ಟಿ ಬೇಕು. ಸಿಂಕಿನ ಕೆಳಗೆ ಇಡುವ ಡಬ್ಬದಂಥ ಟ್ರ್ಯಾಪುಗಳು ಸಣ್ಣ ಅಂಗಡಿಗೆ ಆದೀತು, ಆದರೆ ಅವನ್ನು ವಾರಕ್ಕೊಮ್ಮೆಯಾದರೂ, ಎಷ್ಟೋ ಕಡೆ ದಿನವೂ, ತೆಗೆದು ಶುಚಿ ಮಾಡಬೇಕು. ಮೇಲಿನ ಜಿಡ್ಡು, ಕೆಳಗಿನ ಗಸಿ ಸೇರಿ ತೊಟ್ಟಿಯ ಆಳದ ಕಾಲು ಭಾಗ ಆಯಿತೆಂದರೆ ಖಾಲಿ ಮಾಡಬೇಕೆಂಬುದು ಈ ಕೆಲಸದವರ ಲೆಕ್ಕ. ಅದನ್ನು ಮೀರಿದರೆ ನೀರು ನಿಲ್ಲಲು ಜಾಗವಿಲ್ಲ. ಟ್ರ್ಯಾಪ್ ಇದ್ದೂ ಇಲ್ಲದಂತೆ.

ಇದ್ದೂ ಇಲ್ಲದ ಟ್ರ್ಯಾಪನ್ನು ನಾನೇ ಕಂಡಿದ್ದೇನೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಹೋಟೆಲೊಂದರ ಹಿತ್ತಲಿಗೆ ಹೋಗಿದ್ದೆವು. ಮಾಲೀಕರು ಸಜ್ಜನರು, ಕಾಫಿ ಕೊಟ್ಟು, ‘ನಮ್ಮಲ್ಲಿ ಎಲ್ಲಾ ವ್ಯವಸ್ಥೆ ಇದೆ, ಬನ್ನಿ ತೋರಿಸ್ತೀನಿ’ ಎಂದರು. ಮುಚ್ಚಳದ ಮೇಲೆ ಈರುಳ್ಳಿ ಮೂಟೆಗಳು ಒಂದರ ಮೇಲೊಂದು. ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನು, ಇದನ್ನು ಯಾವಾಗ ತೆಗೆಯುತ್ತೀರಮ್ಮ ಎಂದು ಕೇಳಿದೆ. ‘ನಾ ಸೇರಿ ಎರಡು ವರ್ಸ ಆತು ಸಾರ್, ಅದ್ರ ಕೆಳಗೆ ಗುಂಡಿ ಐತೆ ಅಂತ ಈಗ್ಲೇ ಗೊತ್ತಾಗಿದ್ದು’ ಎಂದಳು. ಮಾಲೀಕರು ನಕ್ಕುಬಿಟ್ಟರು. ಕ್ಯಾಮೆರಾದವರು ಆ ನಗುವನ್ನು ಹಿಡಿದಿದ್ದರು, ನಾನು ಪ್ರಸಾರಕ್ಕೆ ಬಳಸಲಿಲ್ಲ.

ಇದರಲ್ಲಿ ಕಾನೂನಿನ ಕೊರತೆ ಅಷ್ಟಾಗಿ ಇಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಹನಿ ಎಣ್ಣೆ ಹತ್ತಿರ ಹತ್ತಿರ 40 ಮಿಲಿಗ್ರಾಂ ತೂಗೀತು. ಅಂದರೆ ಎರಡು ಲೀಟರ್ ನೀರಿಗೆ ಒಂದು ಹನಿ! ಇಷ್ಟು ಬಿಗಿಯಾದ ಮಿತಿಯನ್ನು ಬೀದಿಬೀದಿಯ ಹೋಟೆಲಿನಲ್ಲಿ ಅಳೆಯುವುದು ಯಾವ ಇನ್ಸ್‌ಪೆಕ್ಟರಿಗೂ ಸುಲಭವಲ್ಲ. ನನಗನ್ನಿಸುವುದು, ನೀರನ್ನು ಅಳೆಯುವುದಕ್ಕಿಂತ ಮುಚ್ಚಳ ತೆಗೆಸಿ ನೋಡುವುದು ಮೇಲು. ಒಂದು ಕೋಲು ಇಳಿಬಿಟ್ಟರೆ ಕಾಲು ಭಾಗ ತುಂಬಿದೆಯೋ ಇಲ್ಲವೋ ತಿಳಿಯುತ್ತದೆ. ಬಾಡಿಗೆ ಕಟ್ಟಡದಲ್ಲಿರುವ ಸಣ್ಣ ಹೋಟೆಲಿನವರ ಕಷ್ಟವೂ ನಿಜವೇ. ನೆಲ ಅಗೆಯಲು ಕಟ್ಟಡದ ಯಜಮಾನರು ಒಪ್ಪುವುದಿಲ್ಲ. ಅಂಥ ಕಡೆ ನಾಲ್ಕೈದು ಅಂಗಡಿಗಳಿಗೆ ಸೇರಿ ಒಂದೇ ತೊಟ್ಟಿ ಕಟ್ಟಿಸುವುದು ಯಜಮಾನರ ಹೊಣೆಯಾಗಬೇಕು.

ಟ್ರ್ಯಾಪಿಗಿಂತ ಮೊದಲಿನ ಕೆಲಸ ಇನ್ನೂ ಅಗ್ಗದ್ದು. ತಟ್ಟೆಯನ್ನು ನೀರಿಗೆ ಹಾಕುವ ಮುನ್ನ ಕೆರೆದು, ಒರೆಸಬೇಕು. ನಮ್ಮ ಅಜ್ಜಿಯರು ಕಲಗಚ್ಚನ್ನು ಎಮ್ಮೆಗೆ ಹುಯ್ಯುತ್ತಿದ್ದರೇ ಹೊರತು ಮೋರಿಗಲ್ಲ. ಈಗ ಎಮ್ಮೆಯಿಲ್ಲ, ಹಸಿ ಕಸದ ಬಕೆಟ್ ಇದೆ. ಬಾಣಲೆಯನ್ನು ಹಳೆಯ ಕಾಗದದಿಂದ ಒರೆಸಿ ಅದಕ್ಕೆ ಹಾಕಬಹುದು. ಸಿಂಕಿನ ಬಾಯಿಗೊಂದು ಜಾಲರಿ ಇರಲಿ. ಜಿಡ್ಡು ಕರಗಿಸುತ್ತೇವೆಂದು ಮಾರುವ ದ್ರಾವಣಗಳನ್ನು ತೊಟ್ಟಿಗೆ ಸುರಿಯುವುದು ಬೇಡ. ಅವುಗಳಲ್ಲಿ ಹಲವು ಜಿಡ್ಡನ್ನು ಚದುರಿಸಿ ಮುಂದಕ್ಕೆ ತಳ್ಳುತ್ತವೆ, ಅಷ್ಟೆ.

ಕರಿದು ಕಪ್ಪಾದ ಎಣ್ಣೆಯಂತೂ ಚರಂಡಿ ನೋಡಲೇಬಾರದು. 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರ, ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಮೀರಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲವೆಂದು ನಿಯಮ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ, ಇಂಥ ಎಣ್ಣೆಯನ್ನು ಕೂಡಿಸಿ ಜೈವಿಕ ಡೀಸೆಲ್ ಮಾಡುವ ‘ರುಕೋ’ ಯೋಜನೆಯನ್ನು ಆರಂಭಿಸಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ಕೊಳ್ಳಲು ಬರುವವರ ಅಧಿಕೃತ ಕಾಗದ ನೋಡಿ ಕೊಡಿ. ಯಾರೋ ಡಬ್ಬ ಹಿಡಿದು ಬಂದವನಿಗೆ ಕೊಟ್ಟರೆ ಅದೇ ಎಣ್ಣೆ ನಾಳೆ ಬೇರೊಬ್ಬರ ಬಜ್ಜಿಯಲ್ಲಿ ಬರುತ್ತದೆ.

ಟ್ರ್ಯಾಪಿನಿಂದ ತೆಗೆದ ಜಿಡ್ಡು ಮಾತ್ರ ಕೊಳೆತ ವಸ್ತು. ಅದನ್ನು ಈ ಎಣ್ಣೆಗೆ ಬೆರೆಸಬೇಡಿ, ಬೇರೆ ಡ್ರಮ್ಮಿನಲ್ಲಿ ತುಂಬಿ ವಿಲೇವಾರಿಯವರಿಗೆ ಒಪ್ಪಿಸಿ. ತೆಗೆಯಲು ಒಳ್ಳೆಯ ಹೊತ್ತು ಬೆಳಗಿನ ಜಾವ, ಒಲೆ ಹೊತ್ತಿಸುವ ಮೊದಲು. ರಾತ್ರಿಯ ತಂಪಿಗೆ ಮೇಲಿನ ಪದರ ಗಟ್ಟಿಯಾಗಿರುತ್ತದೆ, ಜಾಲಿಸೌಟಿನಲ್ಲಿ ರೊಟ್ಟಿಯಂತೆ ಎತ್ತಿಕೊಳ್ಳಬಹುದು. ಹತ್ತು ಗಂಟೆಗೆ, ಬಿಸಿನೀರು ಹರಿಯುತ್ತಿರುವಾಗ ಕೈಹಾಕಿದರೆ ಅರ್ಧ ಕೈಗೆ, ಅರ್ಧ ಚರಂಡಿಗೆ. ತೆಗೆದ ದಿನಾಂಕವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಡಿ. ಮುಚ್ಚಳದ ಮೇಲೆ ಮಾತ್ರ ಈರುಳ್ಳಿ ಮೂಟೆ ಇಡಬೇಡಿ.